ಸಿಆರ್‌ಪಿ ಏರಿತು, ಲಿಂಫೊಸೈಟ್ ಇಳಿಯಿತು: ಕೋವಿಡ್ ಬಂದಾಗ ನನ್ನ ರಕ್ತದ ಲೆಕ್ಕ

2021ರ ಮೇ ತಿಂಗಳಲ್ಲಿ ಕೋಲಾರದಲ್ಲಿ ಯಾರನ್ನು ಮಾತಾಡಿಸಿದರೂ ಇದೇ ಮಾತು. ಬೆಡ್ ಸಿಕ್ತಾ? ಸಿಆರ್‌ಪಿ ಎಷ್ಟು? ಡಿ-ಡೈಮರ್ ಎಷ್ಟು? ಸಿಆರ್‌ಪಿ ಮೈಯೊಳಗಿನ ಉರಿಯೂತ ತೋರಿಸುವ ರಕ್ತ ಪರೀಕ್ಷೆ, ಡಿ-ಡೈಮರ್ ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವುದು. ಒಂದು ವರ್ಷದ ಹಿಂದೆ ಡಿ-ಡೈಮರ್ ಅನ್ನೋ ಹೆಸರೇ ಕೇಳದವರು ಕೂಡ ಫೋನಿನಲ್ಲಿ ಅದರ ನಾರ್ಮಲ್ ಎಷ್ಟಿರಬೇಕು ಅಂತ ಹೇಳುತ್ತಿದ್ದರು. ಆ ತಿಂಗಳು ನನ್ನ ರಕ್ತವನ್ನೂ ಹಲವು ಸಲ ತೆಗೆದರು. ಮೊದಲು ಮನೆಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ. ಯಾವ ಅಂಕಿ ಏರಿತು, ಯಾವುದು ಇಳಿಯಿತು, ಅದನ್ನು ನೋಡಿ ಡಾಕ್ಟರು ಏನು ಮಾಡಿದರು ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನು ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಯಾವ ರೈತನ ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಕಮಿಷನ್, ಹಮಾಲಿ ಕಳೆದು ಕೈಗೆ ಎಷ್ಟು, ಇದೇ ನನ್ನ ಕೆಲಸ. ವಯಸ್ಸು ಆಗ ನಲವತ್ತೆಂಟು. ಶುಗರ್ ಇದೆ, ಮಾತ್ರೆ ತಗೊಳ್ತೀನಿ. ಈ ಶುಗರ್ ವಿಷಯ ಮುಂದೆ ಬಹಳ ಮುಖ್ಯವಾಯಿತು.

ಜ್ವರ, ಮೈಕೈ ನೋವು, ಒಣ ಕೆಮ್ಮು. ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗಿ ಗಂಟಲು ದ್ರವ ಕೊಟ್ಟು ಬಂದೆ. ಸ್ಯಾಂಪಲ್ ಗುರುತಿಸುವ ಎಸ್‌ಆರ್‌ಎಫ್ ನಂಬರ್ ಮೊಬೈಲಿಗೆ ಬಂತು, ಆಮೇಲೆ ಪಾಸಿಟಿವ್ ಅಂತ ರಿಸಲ್ಟೂ ಬಂತು. ಮನೆಯ ಮೇಲಿನ ರೂಮಿಗೆ ಹಾಸಿಗೆ ಹಾಕಿಸಿಕೊಂಡೆ. ಮನೆಯವಳು ಬಾಗಿಲ ಹತ್ತಿರ ತಟ್ಟೆ ಇಟ್ಟು ಕೆಳಗೆ ಇಳಿಯುತ್ತಿದ್ದಳು.

ನಮ್ಮ ಮನೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಆಕ್ಸಿಜನ್. ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 97. "ರೂಮಲ್ಲೇ ಆರು ನಿಮಿಷ ನಡೀರಿ, ಆಮೇಲೆ ಮತ್ತೆ ನೋಡಿ. ಮೂರು ನಾಲ್ಕು ಅಂಕಿ ಇಳಿದರೆ, ಇಲ್ಲ ಅಂದ್ರೆ 94ಕ್ಕಿಂತ ಕೆಳಗೆ ಬಂದರೆ ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ" ಅಂದರು. ಎಲ್ಲಾ ಟೆಸ್ಟೂ ಮಾಡಿಸಿಬಿಡ್ಲಾ ಡಾಕ್ಟ್ರೇ ಅಂತ ಕೇಳಿದೆ. "ಶುಗರ್ ಇಲ್ಲದೆ ಹೋಗಿದ್ದರೆ ಒಂದೂ ಬೇಡ ಅಂತಿದ್ದೆ. ನಿಮಗೆ ಸಿಬಿಸಿ, ಸಿಆರ್‌ಪಿ, ಶುಗರ್, ಕ್ರಿಯಾಟಿನಿನ್ ಸಾಕು." ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ಕಿಡ್ನಿಯ ಪರೀಕ್ಷೆ.

ಅವರು ಸುಮ್ನೆ ಹೇಳಿದ್ದಲ್ಲ. ಅದೇ ಮೇ ತಿಂಗಳ ಶುರುವಿನಲ್ಲಿ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಕೂಡ ಸೌಮ್ಯ ಲಕ್ಷಣ ಇರುವವರಿಗೆ ಸಿಟಿ ಸ್ಕ್ಯಾನೂ ಬೇಡ, ಈ ರಕ್ತ ಪರೀಕ್ಷೆಗಳೂ ಬೇಡ ಅಂತ ಹೇಳಿದ್ದರು. ಆದರೆ ಕೇಳುವವರು ಯಾರು? 'ಕೋವಿಡ್ ಪ್ರೊಫೈಲ್' ಅಂತ ಪ್ಯಾಕೇಜ್ ಮಾಡಿ ಮಾರುತ್ತಿದ್ದ ಕಾಲ ಅದು.

ಪಿಪಿಇ ಕಿಟ್ ಹಾಕಿಕೊಂಡು ಲ್ಯಾಬಿನ ಹುಡುಗ ಮನೆಗೆ ಬಂದ. ಮೇ ತಿಂಗಳ ಬಿಸಿಲಿಗೆ ಆ ಪ್ಲಾಸ್ಟಿಕ್ ಒಳಗೆ ಬೆವರಿ ನೀರಾಗಿದ್ದ, ಪಾಪ. ನೇರಳೆ ಮುಚ್ಚಳದ ಟ್ಯೂಬು ಸಿಬಿಸಿಗೆ, ಬೂದು ಬಣ್ಣದ್ದು ಶುಗರಿಗೆ, ಹಳದಿಯದ್ದು ಸಿಆರ್‌ಪಿ, ಕ್ರಿಯಾಟಿನಿನ್‌ಗೆ ಅಂತ ಹೇಳಿಕೊಟ್ಟ.

ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬಂತು. ಬಿಳಿ ರಕ್ತಕಣ ಒಟ್ಟು 5,600. ಅದರಲ್ಲಿ ನ್ಯೂಟ್ರೊಫಿಲ್ ಅನ್ನೋ ಬಗೆಯ ಕಣ ನೂರಕ್ಕೆ 66, ಲಿಂಫೊಸೈಟ್ ಅನ್ನೋ ಬಗೆಯದ್ದು ನೂರಕ್ಕೆ 26. ಸಿಆರ್‌ಪಿ 18, ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖದ ಬಾಣ. ಆ ಬಾಣ ನೋಡಿಯೇ ಮನೆಯವಳು ಅರ್ಧ ಇಳಿದುಹೋದಳು. ಡಾಕ್ಟರು ಮಾತ್ರ "ಜ್ವರ ಇರೋ ಮನುಷ್ಯನಿಗೆ ಸಿಆರ್‌ಪಿ ಏರದೆ ಇನ್ನೇನಾಗುತ್ತೆ ರೀ" ಅಂದರು.

ಸಿಆರ್‌ಪಿ ಲಿವರ್ ತಯಾರಿಸುವ ಒಂದು ಪ್ರೋಟೀನ್. ದೇಹದಲ್ಲಿ ಎಲ್ಲೇ ಉರಿಯೂತ ಆಗಲಿ, ಐಎಲ್-6 ಅನ್ನೋ ಸಂಕೇತ ಲಿವರಿಗೆ ತಲುಪುತ್ತದೆ, ಲಿವರ್ ಇದನ್ನು ರಕ್ತಕ್ಕೆ ಬಿಡುತ್ತದೆ. ಕೀವು ಕಟ್ಟಿದ ಹಲ್ಲಿಗೂ ಏರುತ್ತದೆ, ನ್ಯುಮೋನಿಯಾಕ್ಕೂ ಏರುತ್ತದೆ. ಹಾಗಾಗಿ ಇದನ್ನು ನೋಡಿ ಕೋವಿಡ್ ಇದೆ, ಇಲ್ಲ ಅಂತ ಹೇಳುವ ಹಾಗಿಲ್ಲ. 2020ರ ನವೆಂಬರಿನಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು 67 ಬಗೆಯ ಮಾಮೂಲಿ ಲ್ಯಾಬ್ ಪರೀಕ್ಷೆಗಳನ್ನು ನೋಡಿತ್ತು. ಇವುಗಳಿಂದ ಕೋವಿಡ್ ಹೌದೋ ಅಲ್ಲವೋ ತೀರ್ಮಾನ ಮಾಡಲಾಗದು ಅನ್ನೋದೇ ಅದರ ಸಾರ. ನಮ್ಮ ಕಡೆ ಡೆಂಗ್ಯೂ ಬೇರೆ ಇದೆ. ಅದರಲ್ಲೂ ಬಿಳಿ ರಕ್ತಕಣ ಇಳಿಯುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತವೆ. ಕಾಯಿಲೆ ಯಾವುದು ಅಂತ ಹೇಳೋದು ಗಂಟಲು ದ್ರವದ ಪರೀಕ್ಷೆ. ಕಾಯಿಲೆ ಯಾವ ದಿಕ್ಕಿಗೆ ಹೋಗ್ತಿದೆ ಅನ್ನೋದಕ್ಕೆ ಮಾತ್ರ ರಕ್ತ.

ವಾರದ ಹೊತ್ತಿಗೆ ಜ್ವರ ಬಿಡಬೇಕಿತ್ತು. ಬಿಡಲಿಲ್ಲ. ಕೂತರೆ ಆಕ್ಸಿಜನ್ 95, ನಡೆದರೆ 92. ಡಾಕ್ಟರು ಮತ್ತೆ ಟೆಸ್ಟ್ ಬರೆದರು. ಈ ಸಲ ಡಿ-ಡೈಮರ್, ಜೀವಕೋಶಗಳಿಗೆ ಹಾನಿಯಾದಾಗ ಏರುವ ಎಲ್‌ಡಿಎಚ್, ಉರಿಯೂತದಲ್ಲಿ ಏರುವ ಫೆರಿಟಿನ್ ಕೂಡ ಸೇರಿತು. ಅದೇ ಹುಡುಗ ಬಂದ. ಈಗ ತಿಳಿ ನೀಲಿ ಮುಚ್ಚಳದ ಟ್ಯೂಬನ್ನು ಎಲ್ಲಕ್ಕಿಂತ ಮೊದಲು ತುಂಬಿಸಿದ, ಗೆರೆಯ ತನಕ ಸರಿಯಾಗಿ ಬರುವ ಹಾಗೆ ಕಾದ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುತ್ತದಂತೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ರಕ್ತ ಕಮ್ಮಿಯಾದರೆ ರಿಸಲ್ಟ್ ಕೆಡುತ್ತದೆ.

ರಿಪೋರ್ಟ್ ಬಂದಾಗ ನಾನು ಕ್ಯಾಲ್ಕುಲೇಟರ್ ತಗೊಂಡು ಕೂತೆ. ಒಟ್ಟು ಬಿಳಿ ಕಣ 5,200. ಹೋದ ಸಲಕ್ಕಿಂತ ದೊಡ್ಡ ಬದಲಾವಣೆ ಏನಿಲ್ಲ, ನಾರ್ಮಲ್ ಅಂತಲೇ ಇದೆ. ಆದರೆ ಲಿಂಫೊಸೈಟ್ ನೂರಕ್ಕೆ 15. ಮೊದಲು 5,600ರಲ್ಲಿ ನೂರಕ್ಕೆ 26, ಅಂದರೆ 1,456. ಈಗ 5,200ರಲ್ಲಿ ನೂರಕ್ಕೆ 15, ಅಂದರೆ 780. ಹತ್ತಿರ ಹತ್ತಿರ ಅರ್ಧ. ನ್ಯೂಟ್ರೊಫಿಲ್ 78ಕ್ಕೆ ಏರಿತ್ತು. ಇದನ್ನು ಲಿಂಫೊಸೈಟಿನಿಂದ ಭಾಗಿಸಿದರೆ ಬರುವುದನ್ನು ಎನ್‌ಎಲ್‌ಆರ್ ಅನ್ನುತ್ತಾರೆ. ನನ್ನದು ಎರಡೂವರೆಯಿಂದ 5.2ಕ್ಕೆ ಹೋಗಿತ್ತು. ಸಿಆರ್‌ಪಿ 18ರಿಂದ 74. ಪ್ಲೇಟ್‌ಲೆಟ್ 1.48 ಲಕ್ಷ, ಕೆಳ ಅಂಚಿನಲ್ಲಿ. ಎಲ್‌ಡಿಎಚ್ 412, ಫೆರಿಟಿನ್ 640, ಡಿ-ಡೈಮರ್ 0.68. ಎಲ್ಲದರ ಮುಂದೆಯೂ ಬಾಣ.

ಲಿಂಫೊಸೈಟ್ ವೈರಸ್ ವಿರುದ್ಧ ನಿಲ್ಲುವ ಕಣ. ಯುದ್ಧದ ಹೊತ್ತಲ್ಲಿ ಇದು ಜಾಸ್ತಿ ಆಗಬೇಕಲ್ವಾ, ಯಾಕೆ ಕಮ್ಮಿ ಅಂತ ಡಾಕ್ಟರನ್ನು ಕೇಳಿದೆ. ಒಂದಷ್ಟು ಕಣಗಳು ರಕ್ತ ಬಿಟ್ಟು ಶ್ವಾಸಕೋಶದಂಥ ಅಂಗಗಳ ಒಳಗೆ ಹೋಗುತ್ತವೆ, ಒಂದಷ್ಟು ಉರಿಯೂತದ ಹೊಡೆತಕ್ಕೆ ಸಾಯುತ್ತವೆ ಅಂದರು. ಕೋವಿಡ್‌ನಲ್ಲಿ ಇದು ಮೊದಲಿನಿಂದಲೂ ಕಂಡಿದ್ದೇ. 2020ರ ಜನವರಿಯಲ್ಲಿ ವುಹಾನ್‌ನ ಮೊದಲ 41 ರೋಗಿಗಳ ವಿವರ ಪ್ರಕಟವಾದಾಗಲೇ ಅವರಲ್ಲಿ 26 ಜನಕ್ಕೆ ಲಿಂಫೊಸೈಟ್ ಇಳಿದಿತ್ತು. 1,000ದ ಕೆಳಗೆ ಬಂದರೆ, ಅದರ ಜೊತೆ ಉಸಿರೂ ಹಿಡಿದರೆ, ಡಾಕ್ಟರು ಕಿವಿ ನಿಮಿರಿಸುತ್ತಾರೆ.

"ಅಂಕಿಗಿಂತ ನನಗೆ ನಿಮ್ಮ ನಡಿಗೆಯ 92 ಚಿಂತೆ. ಹೊರಡಿ" ಅಂದರು ಅವರು.

ಬೆಡ್ ಹುಡುಕಿದ ಕತೆ ಎಲ್ಲರದ್ದೂ ಒಂದೇ, ಅದನ್ನು ಬಿಡುತ್ತೇನೆ. ಲಾಕ್‌ಡೌನ್‌ನಿಂದ ಡೂಂ ಲೈಟ್ ಸರ್ಕಲ್ ಖಾಲಿ ಹೊಡೆಯುತ್ತಿತ್ತು. ರಾತ್ರಿಯೊಳಗೆ ಆಕ್ಸಿಜನ್ ಪೈಪ್ ಇರುವ ಒಂದು ಬೆಡ್ ಸಿಕ್ಕಿತು.

ಆಸ್ಪತ್ರೆಯ ಮೊದಲ ರಿಪೋರ್ಟಿನಿಂದ ಮನೆಯಲ್ಲಿ ದೊಡ್ಡ ಗೊಂದಲವೇ ಆಯಿತು. ನಾನು ಫೋಟೊ ತೆಗೆದು ಮನೆಗೆ ಕಳಿಸಿದ್ದೆ. ಮನೆಯವಳು ಫೋನ್ ಮಾಡಿ, "ರೀ, ಸಿಆರ್‌ಪಿ 74 ಇದ್ದದ್ದು 8.1ಕ್ಕೆ ಬಂದಿದೆ, ದೇವರು ದೊಡ್ಡವನು" ಅಂದಳು. ಹಿಂದೆಯೇ ಶ್ರೀನಿವಾಸಪುರದಿಂದ ಅಣ್ಣ. ಆ ವರ್ಷ ಮಾವಿಗೆ ರೇಟೂ ಇಲ್ಲ, ಲಾರಿಯೂ ಇಲ್ಲ ಅಂತ ತೋಟದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದವನು, ಅದರ ಮಧ್ಯೆಯೂ ಗಾಬರಿಯಾಗಿ ಕೂಗುತ್ತಿದ್ದ. "ಏನೋ ಇದು, ಡಿ-ಡೈಮರ್ ಸೊನ್ನೆ ಚಿಲ್ಲರೆ ಇದ್ದದ್ದು 410 ಆಗಿದೆ?"

ಎರಡೂ ಸುಳ್ಳು. ಹೊರಗಿನ ಲ್ಯಾಬು ಸಿಆರ್‌ಪಿಯನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಟ್ಟಿತ್ತು. ಆಸ್ಪತ್ರೆ ಕೊಟ್ಟಿದ್ದು ಡೆಸಿಲೀಟರಿಗೆ. 8.1 ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ 81. ಇಳಿದಿಲ್ಲ, ಸ್ವಲ್ಪ ಏರಿದೆ. ಡಿ-ಡೈಮರ್ ಇನ್ನೂ ತಮಾಷೆ. ಹೊರಗಿನದು ಮೈಕ್ರೊಗ್ರಾಂ, ಆಸ್ಪತ್ರೆಯದು ನ್ಯಾನೊಗ್ರಾಂ, ಅಂದರೆ ಸಾವಿರ ಪಟ್ಟು. 0.68 ಅಂದರೆ 680. ಹಾಗಾದರೆ 680 ಇದ್ದದ್ದು 410ಕ್ಕೆ ಇಳಿಯಿತು ಅಂತ ಖುಷಿಪಡೋಣ ಅಂದರೆ ಅದೂ ಇಲ್ಲ. ರಿಪೋರ್ಟಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೊರಗಿನದರಲ್ಲಿ ಎಫ್‌ಇಯು, ಆಸ್ಪತ್ರೆಯದರಲ್ಲಿ ಡಿಡಿಯು ಅಂತ ಇತ್ತು. ಇವು ಡಿ-ಡೈಮರ್ ಅಳೆಯುವ ಎರಡು ಬೇರೆ ಬೇರೆ ಯೂನಿಟ್. ಎಫ್‌ಇಯು ಲೆಕ್ಕ ಡಿಡಿಯುಗಿಂತ ಸುಮಾರು ಎರಡರಷ್ಟು ಬರುತ್ತದೆ. ಅಂದರೆ 410 ಡಿಡಿಯು ಹೆಚ್ಚುಕಮ್ಮಿ 820 ಎಫ್‌ಇಯು. ಇದೂ ಸ್ವಲ್ಪ ಏರಿದೆ ಅಷ್ಟೇ. ಕೆಜಿ ಲೆಕ್ಕದ ಚೀಟಿಯನ್ನೂ 15 ಕೆಜಿ ಬಾಕ್ಸ್ ಲೆಕ್ಕದ ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ರೇಟು ಬಿತ್ತು, ಎದ್ದಿತು ಅಂದ ಹಾಗೆ ಇದು. ಲ್ಯಾಬ್ ಬದಲಾಯಿಸಿದರೆ ಮೊದಲು ಯೂನಿಟ್ ನೋಡಬೇಕು. ಆಗುವುದಾದರೆ ಒಂದೇ ಲ್ಯಾಬಿನಲ್ಲೇ ಮಾಡಿಸುವುದು ವಾಸಿ.

ಡಿ-ಡೈಮರ್ ಅಂದರೆ ರಕ್ತದ ಹೆಪ್ಪು ಕರಗುವಾಗ ಉಳಿಯುವ ಚೂರು. ಅದು ಜಾಸ್ತಿ ಇದ್ದರೆ ದೇಹದಲ್ಲಿ ಎಲ್ಲೋ ಹೆಪ್ಪು ಕಟ್ಟುವುದು, ಕರಗುವುದು ಜಾಸ್ತಿ ನಡೀತಿದೆ ಅಂತ ಅರ್ಥ. ವಯಸ್ಸಾದಂತೆ ಏರುತ್ತದೆ, ಬಸುರಿಯರಲ್ಲಿ ಏರುತ್ತದೆ, ಪೆಟ್ಟು ಬಿದ್ದರೂ ಏರುತ್ತದೆ. ಕೋವಿಡ್‌ನಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ಭಯ ಇರುವುದರಿಂದ ಆಸ್ಪತ್ರೆ ಸೇರಿದವರಲ್ಲಿ ಇದನ್ನು ನೋಡುತ್ತಾರೆ. ನನಗೆ ದಿನಾ ಹೊಟ್ಟೆಯ ಚರ್ಮಕ್ಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪಾರಿನ್ ಇಂಜೆಕ್ಷನ್ ಚುಚ್ಚುತ್ತಿದ್ದರು. ಹೊಕ್ಕುಳ ಸುತ್ತ ನೀಲಿ ಕಲೆಗಳಾಗಿದ್ದವು.

ಇನ್ನೊಂದು ಔಷಧಿ ಡೆಕ್ಸಮೆಥಸೋನ್ ಅನ್ನೋ ಸ್ಟಿರಾಯ್ಡ್, ದಿನಕ್ಕೆ 6 ಮಿಲಿಗ್ರಾಂ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಇದರ ಗುಣ ಗೊತ್ತಾಗಿತ್ತು. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದು ಪಾಲಿನಷ್ಟು, ಆಕ್ಸಿಜನ್ ಬೇಕಾದವರ ಸಾವು ಐದನೇ ಒಂದು ಪಾಲಿನಷ್ಟು ಇಳಿದಿತ್ತು. ಆಕ್ಸಿಜನ್ ಬೇಡದವರಿಗೆ ಇದರಿಂದ ಏನೂ ಉಪಯೋಗ ಆಗಿರಲಿಲ್ಲ. ಈ ಕೊನೆಯ ಮಾತನ್ನು ನಮ್ಮ ಜನ ಮರೆತೇಬಿಟ್ಟಿದ್ದರು.

ಮಾಲೂರಿನಲ್ಲಿರುವ ನನ್ನ ಬಾಮೈದನನ್ನೇ ನೋಡಿ. ಮೂವತ್ತು ದಾಟಿದ ಹುಡುಗ, ಒಂದೆರಡು ದಿನ ಜ್ವರ, ಆಕ್ಸಿಜನ್ 98. ಹೋಗಿ ಪೂರ್ತಿ ಪ್ಯಾಕೇಜ್ ಮಾಡಿಸಿದ. ಸಿಆರ್‌ಪಿ 9, ಡಿ-ಡೈಮರ್ 0.61, ಎಲ್‌ಡಿಎಚ್ ಜಾಸ್ತಿ. ನನ್ನ ಬೆಡ್ಡಿಗೇ ಫೋನ್ ಮಾಡಿ ಅಳು. "ಭಾವ, ವಾಟ್ಸಾಪಲ್ಲಿ ಸ್ಟಿರಾಯ್ಡ್ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಹಾಕಿದ್ದಾರೆ, ತಗೊಂಡುಬಿಡ್ಲಾ?" ನಮ್ಮ ಡಾಕ್ಟರ ನಂಬರ್ ಕೊಟ್ಟೆ. ಅವರು ಬೈದು, ಎರಡೂ ಮುಟ್ಟಬೇಡ ಅಂದರಂತೆ. ಎಲ್‌ಡಿಎಚ್ ಯಾಕೆ ಜಾಸ್ತಿ ಅಂದರೆ, ರಿಪೋರ್ಟಿನ ಕೆಳಗೇ ಬರೆದಿತ್ತು, ಸ್ಯಾಂಪಲ್ ಹೀಮೊಲೈಸ್ ಆಗಿದೆ ಅಂತ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣ ಒಡೆದರೆ ಅದರೊಳಗಿನ ಎಲ್‌ಡಿಎಚ್ ಹೊರಗೆ ಬರುತ್ತದೆ. ಒಡೆದದ್ದು ಟ್ಯೂಬಿನಲ್ಲಿ, ಹೆದರಿದ್ದು ಇವನು. ಪ್ಯಾರಸಿಟಮಾಲ್ ತಗೊಂಡು ಮನೆಯಲ್ಲೇ ಗುಣವಾದ.

ನನ್ನ ಕತೆಗೆ ಬರುತ್ತೇನೆ. ಕೇಂದ್ರ ಸರ್ಕಾರದ ಆಗಿನ ಚಿಕಿತ್ಸಾ ಕ್ರಮದಲ್ಲಿ ನನ್ನದು 'ಮಧ್ಯಮ' ವರ್ಗ. ಆಕ್ಸಿಜನ್ 90ರಿಂದ 93, ಇಲ್ಲವೇ ನಿಮಿಷಕ್ಕೆ 24 ಅಥವಾ ಅದಕ್ಕಿಂತ ಜಾಸ್ತಿ ಉಸಿರು. ಅಂಥವರಿಗೆ ಸಿಆರ್‌ಪಿ, ಡಿ-ಡೈಮರ್ 48ರಿಂದ 72 ಗಂಟೆಗೊಮ್ಮೆ, ಸಿಬಿಸಿ, ಕಿಡ್ನಿ, ಲಿವರ್ ಪರೀಕ್ಷೆ 24ರಿಂದ 48 ಗಂಟೆಗೊಮ್ಮೆ ಮಾಡಬೇಕಿತ್ತು. ಐಎಲ್-6 ಅನ್ನು ಸ್ಥಿತಿ ಕೆಡುತ್ತಿದ್ದರೆ ಮಾತ್ರ. ಅದು ದುಬಾರಿ ಟೆಸ್ಟು. ನನಗೆ ಮಾಡಿಸಲೇ ಇಲ್ಲ.

ಸ್ಟಿರಾಯ್ಡ್ ಶುರುವಾದ ಮೇಲೆ ಮೊದಲು ಕುಣಿದಿದ್ದು ಶುಗರ್. ಬೆರಳು ಚುಚ್ಚಿ ನೋಡಿದರೆ 300 ದಾಟಿತ್ತು. ಅಷ್ಟು ವರ್ಷ ಮಾತ್ರೆಯಲ್ಲಿ ನಡೆಸಿದವನಿಗೆ ಇನ್ಸುಲಿನ್ ಹಾಕಿದರು. ಕಪ್ಪು ಶಿಲೀಂಧ್ರದ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿದ್ದ ಸಮಯ. ಸ್ಟಿರಾಯ್ಡ್ ಜೊತೆ ಶುಗರ್ ಹತೋಟಿ ತಪ್ಪಿದವರಿಗೇ ಅದು ಜಾಸ್ತಿ ಬರುತ್ತಿತ್ತು. ಸಿಸ್ಟರ್ ಒಬ್ಬರು ಊಟಕ್ಕೆ ಮುಂಚೆ ಬಂದು ಬೆರಳು ಹಿಡಿದರೆ, ಎಷ್ಟು ಬರುತ್ತೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಎಷ್ಟೆಲ್ಲಾ ಟೆಸ್ಟ್ ಹೆಸರು ಕಲಿತಿದ್ದೆ, ಆದರೆ ಆ ವಾರ್ಡಿನಲ್ಲಿ ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದು ಹಳೇ ಶುಗರ್ ಟೆಸ್ಟೇ.

ಆಮೇಲೆ ಬಂದ ಸಿಬಿಸಿ ನನ್ನ ನಿದ್ದೆ ಕೆಡಿಸಿತು. ಒಟ್ಟು ಬಿಳಿ ಕಣ 13,800! ನ್ಯೂಟ್ರೊಫಿಲ್ ನೂರಕ್ಕೆ 88. ಲಿಂಫೊಸೈಟ್ ನೂರಕ್ಕೆ 7. ಹದಿನೈದರಿಂದ ಏಳಕ್ಕೆ ಬಂತು, ಮುಗೀತು ಅಂದುಕೊಂಡೆ. ರೌಂಡ್ಸಿಗೆ ಬಂದ ಡಾಕ್ಟರಮ್ಮನನ್ನು ಕೇಳಿದೆ.

"ಲೆಕ್ಕದವರು ಅಂತೀರಾ, ಗುಣಾಕಾರ ಮಾಡಿ ನೋಡಿ" ಅಂದರು.

ಮಾಡಿದೆ. 13,800ರಲ್ಲಿ ನೂರಕ್ಕೆ 7 ಅಂದರೆ 966. ಮೊದಲಿದ್ದದ್ದು 780. ನೂರಕ್ಕೆ ಎಷ್ಟು ಅನ್ನೋದು ಅರ್ಧವಾಗಿದೆ, ನಿಜವಾದ ಸಂಖ್ಯೆ ಏರಿದೆ! ಒಟ್ಟು ಮೊತ್ತ ಊದಿಕೊಂಡಿದ್ದರಿಂದ ಪಾಲು ಸಣ್ಣದಾಗಿ ಕಂಡಿತ್ತು. ಒಟ್ಟು ಯಾಕೆ ಊದಿತು? ಅದು ಸ್ಟಿರಾಯ್ಡಿನ ಕೆಲಸ. ನ್ಯೂಟ್ರೊಫಿಲ್‌ಗಳಲ್ಲಿ ಒಂದು ದೊಡ್ಡ ಪಾಲು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದಂತೆ. ಸ್ಟಿರಾಯ್ಡ್ ಕೊಟ್ಟಾಗ ಅವು ಬಿಡಿಸಿಕೊಂಡು ಹರಿಯುವ ರಕ್ತಕ್ಕೆ ಬರುತ್ತವೆ, ಎಣಿಕೆಗೆ ಸಿಗುತ್ತವೆ. ಹೊಸ ಸೋಂಕು ಅಂತ ತಕ್ಷಣ ಹೇಳಲಾಗದು. ಆದರೂ ಅನುಮಾನ ಬೇಡ ಅಂತ ಪ್ರೊಕ್ಯಾಲ್ಸಿಟೋನಿನ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರು. ಅದು ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವಷ್ಟು ಬರೀ ವೈರಸ್ಸಿಗೆ ಏರುವುದಿಲ್ಲ. ನನ್ನದು ಕಮ್ಮಿಯೇ ಇತ್ತು. ಆಂಟಿಬಯಾಟಿಕ್ ಹಾಕಲಿಲ್ಲ.

ಪಕ್ಕದ ಬೆಡ್ಡಿನಲ್ಲಿದ್ದ ಮುಳಬಾಗಿಲು ಕಡೆಯ ಹಿರಿಯರದ್ದು ಉಲ್ಟಾ. ಅವರ ಸಿಆರ್‌ಪಿ ಚೆನ್ನಾಗಿ ಇಳಿಯುತ್ತಿತ್ತು. ಮಗ ಸಂತೋಷದಲ್ಲಿದ್ದ. ಆದರೆ ಆಕ್ಸಿಜನ್ ಮಾತ್ರ ದಿನಾ ಒಂದೊಂದು ಲೀಟರ್ ಏರಿಸಬೇಕಾಗಿ ಬರುತ್ತಿತ್ತು. ಸ್ಟಿರಾಯ್ಡ್ ಸಿಆರ್‌ಪಿಯನ್ನು ತಾನೇ ಇಳಿಸುತ್ತದೆ, ಅದೊಂದನ್ನೇ ನಂಬಬೇಡಿ ಅಂತ ಡಾಕ್ಟರಮ್ಮ ಮಗನಿಗೆ ಬಿಡಿಸಿ ಹೇಳಿದರು. ಆಮೇಲೆ ಅವರ ಪ್ರೊಕ್ಯಾಲ್ಸಿಟೋನಿನ್ ಏರಿತು, ಐಸಿಯುಗೆ ಕರೆದುಕೊಂಡು ಹೋದರು, ಆಂಟಿಬಯಾಟಿಕ್ ಶುರುವಾಯಿತು. ನಾನು ಮನೆಗೆ ಬಂದು ಎಷ್ಟೋ ದಿನದ ಮೇಲೆ ಆ ಹುಡುಗ ಫೋನ್ ಮಾಡಿ, ಅಪ್ಪನೂ ಮನೆಗೆ ಬಂದರು ಅಂದ.

ನನ್ನ ಸಿಆರ್‌ಪಿ ಏರಿದ್ದಕ್ಕಿಂತ ಬೇಗ ಇಳಿಯಿತು. ಉರಿಯೂತ ನಿಂತರೆ ಸುಮಾರು 19 ಗಂಟೆಗೆ ಅರ್ಧವಾಗುವ ವಸ್ತು ಅದು. ಫೆರಿಟಿನ್ ಅಷ್ಟು ಬೇಗ ಇಳಿಯಲಿಲ್ಲ. ಅದು ದೇಹದಲ್ಲಿ ಕಬ್ಬಿಣ ಕೂಡಿಡುವ ಪ್ರೋಟೀನ್, ಉರಿಯೂತದಲ್ಲೂ ಏರುತ್ತದೆ. ಹಾಗಂತ ಕಬ್ಬಿಣದಂಶ ಜಾಸ್ತಿಯಾಯಿತು ಅಂತ ರಾಗಿ ಮುದ್ದೆ, ಸೊಪ್ಪು ಬಿಟ್ಟವರನ್ನೂ ನೋಡಿದ್ದೇನೆ! ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಸ್ವಲ್ಪ ಏರಿದ್ದವು, ತಾನಾಗೇ ಇಳಿದವು. ಕ್ರಿಯಾಟಿನಿನ್ ಅಲುಗಾಡಲಿಲ್ಲ.

ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರಮ್ಮ ರಿಪೋರ್ಟುಗಳನ್ನು ಬದಿಗಿಟ್ಟು ನನ್ನನ್ನು ಕಾರಿಡಾರಿನಲ್ಲಿ ನಡೆಸಿದರು. ಆಕ್ಸಿಜನ್ ಪೈಪ್ ಇಲ್ಲದೆ 95. ಆ ದಿನದ ಡಿ-ಡೈಮರ್ ಇನ್ನೂ ನಾರ್ಮಲ್ ಗೆರೆಯ ಮೇಲೇ ಇತ್ತು. ಅದು ಪೂರ್ತಿ ಇಳಿಯೋಕೆ ವಾರಗಟ್ಟಲೆ ಬೇಕಾಗಬಹುದು, ಇಳೀತಾ ಅಂತ ಪದೇ ಪದೇ ಮಾಡಿಸಬೇಡಿ ಅಂದರು. ಕಾಲು ಒಂದೇ ಕಡೆ ಊದಿದರೆ, ಎದೆ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಹಿಡಿದರೆ ಮಾತ್ರ ಓಡಿ ಬನ್ನಿ ಅಂದರು.

ಮತ್ತೆ ಮಂಡಿಗೆ ಹೋಗುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ನಮ್ಮ ಮನೆ ಡಾಕ್ಟರು ಆಮೇಲೆ ಮಾಡಿಸಿದ್ದು ಒಂದು ಸಿಬಿಸಿ ಮತ್ತು ಎಚ್‌ಬಿಎ1ಸಿ. ಲಿಂಫೊಸೈಟ್ ಹಳೆಯ ಜಾಗಕ್ಕೆ ಬಂದಿತ್ತು. ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 7.4 ಇದ್ದದ್ದು 8.6 ಆಗಿತ್ತು. ಡಾಕ್ಟರು ಮಾತ್ರೆಯ ಡೋಸ್ ಜಾಸ್ತಿ ಮಾಡಿದರು. ಸಿಆರ್‌ಪಿ, ಡಿ-ಡೈಮರ್ ಬಗ್ಗೆ ಕೇಳಿದರೆ, "ಅದು ಮುಗಿದ ಲೆಕ್ಕ, ಇದನ್ನು ನೋಡಿಕೊಳ್ಳಿ" ಅಂತ ಚೀಟಿಯಲ್ಲಿ ಮುಂದಿನ ಎಚ್‌ಬಿಎ1ಸಿ ತಾರೀಖು ಬರೆದುಕೊಟ್ಟರು.